ಇನ್ನೊಬ್ಬರ ಮನೆ ನಂಬರು



ವಿದ್ಯಾರ್ಥಿಗಳೇ, ಮೊಬೈಲ್ ನಡವಳಿಕೆ, ಖಾಸಗಿತನ ಇಂಥ ವಿಷಯಗಳ ಬಗ್ಗೆ ನೀವು ಕಟ್ಟಿರುವ ಪ್ರದರ್ಶನ ನಮ್ಮ ಯಲಹಂಕದಲ್ಲಿ ನಡೆಯುತ್ತಿರುವುದು ಬಹಳ ಸರಿ. ಇಲ್ಲಿಂದ ಹೆಬ್ಬಾಳದ ಕಡೆಗೆ ಹೊರಟರೆ ಕೊಡಿಗೇಹಳ್ಳಿಯ ಟಾಟಾ ನಗರದಲ್ಲಿ ಆಧಾರ್ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರ ಸಿಗುತ್ತದೆ. ನೂರು ಕೋಟಿಗೂ ಮಿಕ್ಕ ಜನರಿಗೆ 12 ಅಂಕಿಯ ಗುರುತು ಕೊಟ್ಟ ಪ್ರಾಧಿಕಾರ ಅದು. ಆ ಆಧಾರನ್ನೇ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರೂ ಬೆಂಗಳೂರಿನವರೇ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಖಾಸಗಿತನ ಎಂಬ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲವೇ ಇಲ್ಲ ಎಂದು ಕೇಂದ್ರ ಸರ್ಕಾರದ ವಕೀಲರು ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಒಬ್ಬರೂ ಭಿನ್ನಮತ ಹೇಳದೆ, ಇದೆ ಎಂದಿತು. 2018ರಲ್ಲಿ ಇನ್ನೊಂದು ಪೀಠ ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಉಳಿಸಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಿಮ್ಮ ಮಳಿಗೆಗಳಲ್ಲಿ ಅವರದೊಂದು ಫೋಟೊ ಇದೆಯೋ ಇಲ್ಲವೋ ಕಾಣೆ. ಇಲ್ಲದಿದ್ದರೆ ನಾಳೆಯೊಳಗೆ ಹಾಕಿ.

ಖಾಸಗಿತನದ ಆ ತೀರ್ಪು ಬಂದು ಮೂರು ವರ್ಷ ತುಂಬಿರಲಿಲ್ಲ, ಕೊರೊನಾ ಬಂತು. 2020ರ ಮಾರ್ಚ್ ತಿಂಗಳು ನೆನಪು ಮಾಡಿಕೊಳ್ಳಿ. ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ರಾಜ್ಯ ಸರ್ಕಾರವೇ ಬಹಿರಂಗಪಡಿಸಿತು. ಕೈಗೆ ಮುದ್ರೆ, ಬಾಗಿಲಿಗೆ ನೋಟಿಸು, ಮನೆಯಲ್ಲೇ ಇದ್ದೇವೆಂದು ತೋರಿಸಲು ಗಂಟೆಗೊಂದು ಸೆಲ್ಫಿ. ಸರ್ಕಾರ ಹೆದರಿತ್ತು, ಎಲ್ಲರೂ ಹೆದರಿದ್ದರು, ಅದು ಅರ್ಥವಾಗುತ್ತದೆ. ನನ್ನನ್ನು ಈಗಲೂ ಕಾಡುವುದು ಆಮೇಲೆ ನಡೆದದ್ದು. ಆ ಪಿಡಿಎಫ್ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೂ ಬಂತು. ಯಾರೋ ಪುಣ್ಯಾತ್ಮರು ಇಡೀ ಪಟ್ಟಿ ಜಾಲಾಡಿ, ನಮ್ಮ ರಸ್ತೆಯ ಸಾಲುಗಳಿಗೆ ಕೆಂಪು ಗೆರೆ ಎಳೆದು, ಅಷ್ಟನ್ನೇ ಕತ್ತರಿಸಿ ಹಾಕಿದ್ದರು. ಅದರಲ್ಲಿ ಮಗಳ ಬಾಣಂತನ ಮುಗಿಸಿ ಬಂದ ವಯಸ್ಸಾದ ದಂಪತಿಯ ಮನೆ ನಂಬರೂ ಇತ್ತು. ಮಾರನೆಯ ದಿನ ಹಾಲಿನ ಹುಡುಗ ಆ ಗೇಟಿನ ಮುಂದೆ ಸೈಕಲ್ ನಿಲ್ಲಿಸಲಿಲ್ಲ. ಪಟ್ಟಿ ಬೇಕಿದ್ದದ್ದು ಆರೋಗ್ಯ ಸಿಬ್ಬಂದಿಗೆ, ಪೊಲೀಸರಿಗೆ. ಮೂರನೇ ಕ್ರಾಸಿನ ನಮಗೆ ಅದರಿಂದ ಆಗಬೇಕಾದದ್ದೇನಿತ್ತು? ಆ ಹಾಲಿನ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಬರುವವರು ಒಬ್ಬರು ಬೇಕಿತ್ತು, ಅಷ್ಟೇ.

ಇದಕ್ಕೆ ಕಾನೂನು ಇಲ್ಲವೇ ಎಂದು ಕೇಳುತ್ತೀರಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಜನರ ಮಾಹಿತಿಯನ್ನು ಜೋಪಾನ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಮಟ್ಟದ ಉದ್ದೇಶಕ್ಕೆ ಮಾಹಿತಿ ಬಳಸಿದರೆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಸರಿಯೇ ಅನ್ನಿ. ಅಣ್ಣತಮ್ಮಂದಿರ ಗ್ರೂಪಿಗೆ ಅಧಿಕಾರಿಗಳು ಬಂದು ಕೂರುವುದು ಯಾರಿಗೆ ಬೇಕು? ಹಾಗಾಗಿ ನಾವು ದಿನವೂ ಮಾಡುವ ಚಿಲ್ಲರೆ ದ್ರೋಹಗಳಲ್ಲಿ ಎಷ್ಟೋ ಕಾನೂನಿನ ಕೈಗೆ ಸಿಗುವುದಿಲ್ಲ. ಅಪಾರ್ಟ್‌ಮೆಂಟಿನ ಸಿಸಿಟಿವಿಯಲ್ಲಿ ಯಾರ ಮನೆಯ ಹುಡುಗಿ ಎಷ್ಟು ಹೊತ್ತಿಗೆ ಬಂದಳು ಎಂಬ ತುಣುಕು, ನೆಂಟರ ಸ್ಕ್ಯಾನಿಂಗ್ ರಿಪೋರ್ಟು, ಕೆಲಸದಾಕೆಯ ಫೋಟೊ ಹಾಕಿ "ಎಚ್ಚರ" ಎಂದು ಬರೆದ ಮೆಸೇಜು. ಇವನ್ನೆಲ್ಲ ಕಳಿಸುವ ಮುಂಚೆ ಆ ಹುಡುಗಿಯನ್ನು, ಆ ಕೆಲಸದಾಕೆಯನ್ನು ಒಂದು ಮಾತು ಕೇಳಿದವರು ನನಗಂತೂ ಸಿಕ್ಕಿಲ್ಲ. ಹಿಂದುಮುಂದು ನೋಡದೆ ಕಳಿಸಿದ ಮೆಸೇಜು ಜೀವವನ್ನೂ ತೆಗೆಯಬಹುದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಫಾರ್ವರ್ಡು ನಂಬಿದ ಜನ ಚಾಮರಾಜಪೇಟೆಯಲ್ಲಿ ಹೊರರಾಜ್ಯದ ಯುವಕನೊಬ್ಬನನ್ನು ಹೊಡೆದು ಕೊಂದರು. ಅಂದು ಕೈ ಎತ್ತಿದವರ ಮೇಲೆ ಕೇಸು ಬಿತ್ತು. ಫಾರ್ವರ್ಡಿಗೆ ಬೆರಳು ಒತ್ತಿದವರೆಲ್ಲ ನಮ್ಮ ನಿಮ್ಮ ಹಾಗೆ ಮನೆಯಲ್ಲೇ ಇದ್ದರು.

ಇನ್ನು ಜೆರಾಕ್ಸ್ ಅಂಗಡಿ. ಪ್ರಿಂಟ್ ಬೇಕೆಂದರೆ ಅಂಗಡಿಯವರ ವಾಟ್ಸಾಪಿಗೆ ಆಧಾರ್, ಪ್ಯಾನ್, ಅಂಕಪಟ್ಟಿ ಎಲ್ಲ ಕಳಿಸುತ್ತೀರಿ. ಹತ್ತು ರೂಪಾಯಿ ಕೊಟ್ಟು ಕಾಗದ ತರುತ್ತೀರಿ, ಫೈಲು ಅಲ್ಲೇ ಉಳಿಯುತ್ತದೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ನಕಲು ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥ ಬರಬಹುದೆಂದು ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡರು! ಪ್ರಕಟಣೆ ಹೋದರೂ ಸೌಲಭ್ಯ ಇದೆ, ಪ್ರಾಧಿಕಾರದ ಜಾಲತಾಣದಲ್ಲಿ ಡೌನ್‌ಲೋಡ್ ಮಾಡುವಾಗ ಆಯ್ಕೆ ಮಾಡಿಕೊಂಡರೆ ಆಯಿತು. ಇದನ್ನು ತೋರಿಸಿಕೊಡುವ ಮೇಜೊಂದನ್ನು ಒಳಗೆ ಹಾಕಿದ್ದೀರಂತೆ. ಪೋಷಕರನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ.

ಕೊನೆಗೆ ಒಂದು ಮಾತು, ಸಂಘಟಕರು ಬೇಸರಿಸಬಾರದು. ಬಾಗಿಲಲ್ಲಿ ಸಂದರ್ಶಕರ ಪುಸ್ತಕ ಇಟ್ಟಿದ್ದೀರಿ. ಹೆಸರು, ಊರು, ಮೊಬೈಲ್ ನಂಬರು, ಸಹಿ ಎಂದು ಕಾಲಂ ಹಾಕಿದ್ದೀರಿ. ನಾನು ಸಹಿ ಮಾಡುವಷ್ಟರಲ್ಲಿ ನನಗಿಂತ ಮುಂಚೆ ಬಂದವರ ನಂಬರುಗಳೆಲ್ಲ ಕಣ್ಣಿಗೆ ಬಿದ್ದವು, ಹೆಣ್ಣುಮಕ್ಕಳ ನಂಬರುಗಳೂ ಸೇರಿ. ಆ ನಂಬರುಗಳಿಂದ ನಿಮಗೇನೂ ಕೆಲಸವಿಲ್ಲ. ಈಗಲೇ ಹೋಗಿ ಆ ಪುಟವನ್ನು ಹರಿದು ಹಾಕಿ, ಹೊಸ ಪುಟದಲ್ಲಿ ಆ ಕಾಲಂ ಬಿಟ್ಟುಬಿಡಿ. ನೀವು ಬರುವವರೆಗೆ ನಾನು ಕತ್ತರಿ ಹಿಡಿದು ಉದ್ಘಾಟನೆಯ ಟೇಪಿನ ಹತ್ತಿರ ನಿಂತಿರುತ್ತೇನೆ.