ಡೋಣಿಯ ದಂಡೆಯ ಸವುಳು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಸೀಮೆಗೆ ಹೋದರೆ ಡೋಣಿ ಹೊಳೆಯ ಎರೆ ಬಯಲು ಸಿಕ್ಕುತ್ತದೆ. ಜತ್ತದ ಕಡೆ ಹುಟ್ಟಿ ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಉಪ್ಪು. ಆದರೂ ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ನಾಣ್ಣುಡಿ ಇದೇ ದಂಡೆಯದು. ಇದು ಹೇಗೆಂದು ನೀವು ಕೇಳಬಹುದು. ಹಿಂಗಾರಿ ಜೋಳ ಬೆಳೆದದ್ದು ಹೊಳೆಯ ನೀರಿನಿಂದಲ್ಲ, ಎರೆ ಹಿಡಿದಿಟ್ಟ ಮಳೆಯ ಹಸಿಯಿಂದ. ಉಪ್ಪು ಆಳದಲ್ಲಿ ಮಲಗಿತ್ತು.

ಈ ಮಣ್ಣಿನ ಗುಣವೇ ಅದರ ದೋಷವೂ ಹೌದು. ನೆನೆದರೆ ಉಬ್ಬುತ್ತದೆ, ಉಬ್ಬಿದ ಎರೆ ನೀರನ್ನು ಕೆಳಕ್ಕೆ ಬಿಡದು. ಹೊಳೆಯ ಪಾತ್ರದಲ್ಲಿ ಹೂಳು, ಜಾಲಿ ತುಂಬಿದರೆ ಪ್ರವಾಹವೂ ಹೊಲದಲ್ಲೇ ನಿಲ್ಲುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದೊಳಗಿನ ನೀರು ಬಿಸಿಲಿಗೆ ಮೇಲೇರುತ್ತದೆ. ನೀರು ಆರಿಹೋಗಿ ಉಪ್ಪು ಉಳಿಯುತ್ತದೆ. ಆ ಬಿಳಿ ನೆಲವೇ ಸವುಳು; ನೀರು ನಿಂತು ಬೇರು ಉಸಿರುಗಟ್ಟುವ ನೆಲ ಜವುಳು. ಜನ ಇವೆರಡನ್ನು ಜೋಡಿಸಿಯೇ ಆಡುತ್ತಾರೆ. ಅದು ಬರಿಯ ಪ್ರಾಸವಲ್ಲ. ಸೋಡಿಯಂ ಹೆಚ್ಚಿದಲ್ಲಿ ಇನ್ನೂ ಕಷ್ಟ: ರಸಸಾರ ೮.೫ನ್ನು ಮೀರುತ್ತದೆ, ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನೇ ಮುಚ್ಚುತ್ತವೆ.

ಈಗ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಸೀಮೆಗೂ ಬಂದಿದೆ. ಸಂತೋಷವೇ. ಆದರೆ ಕಬ್ಬಿಗೆಂದು ಮಿತಿಯಿಲ್ಲದೆ ಹಾಯಿಸಿದರೆ ಮಲಗಿದ ಉಪ್ಪು ಏಳುತ್ತದೆ. ಉಪ್ಪನ್ನು ತೊಳೆಯಲು ನೀರು ಬೇಕು, ನಿಜ. ತೊಳೆದ ನೀರು ಹೋಗಲು ದಾರಿ ಬೇಡವೆ? ಮೊದಲು ಬಸಿಗಾಲುವೆ, ಸೋಡಿಯಂ ಇದ್ದಲ್ಲಿ ಜಿಪ್ಸಂ, ಆಮೇಲೆ ಸಿಹಿನೀರು. ಒಬ್ಬನ ಬಸಿನೀರು ಇನ್ನೊಬ್ಬನ ಹೊಲ ದಾಟಿಯೇ ಹಳ್ಳ ಸೇರಬೇಕಾದ್ದರಿಂದ ಈ ಕೆಲಸ ಒಂಟಿಯಾಗಿ ಆಗದು. ಊರಿನ ಹೊಲ ಲಾವಣಿಗೆ ಕೊಟ್ಟು ಪಟ್ಟಣದಲ್ಲಿರುವವರು ಫಸಲಿನ ಲೆಕ್ಕ ಕೇಳುವಾಗ ಬಸಿಗಾಲುವೆಯ ಖರ್ಚಿನ ಮಾತನ್ನೂ ಆಡಿರಿ.