ಸಭಾಕಂಪದ ಮಕ್ಕಳು

ಸಭೆಯಲ್ಲಿ ಎದ್ದುನಿಂತವನ ಕಾಲು ನಡುಗಿ, ನಾಲಗೆ ಒಣಗಿ, ಕಲಿತದ್ದೆಲ್ಲ ಮರೆತುಹೋಗುವುದನ್ನು ನಾವು ಸಭಾಕಂಪವೆನ್ನುತ್ತೇವೆ. ನಾಲ್ಕಾರು ಸಲ ವೇದಿಕೆ ಹತ್ತಿದರೆ ಅದು ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಕೆಲವು ಮಕ್ಕಳಿಗೆ ಸಭೆಯೇ ಬೇಕಿಲ್ಲ. ಎದುರಿಗೆ ಒಬ್ಬರು ನಿಂತರೆ ಅದೇ ಸಭೆ. ಹಾಜರಿ ಕರೆದಾಗ ಓಗೊಡಲಾರರು. ಬಾಯಾರಿದರೂ ನೀರು ಕೇಳಲಾರರು. ಓರಗೆಯವರ ಆಟವನ್ನು ದೂರದಿಂದ ನೋಡುತ್ತ ನಿಲ್ಲುವರು. ಇದು ಬರಿಯ ನಾಚಿಕೆಯಲ್ಲ. ತಾನೇನು ಮಾಡಿದರೂ ನಾಲ್ವರು ನಕ್ಕಾರೆಂಬ ಅಂಜಿಕೆ ಮಗುವಿನ ಓದು, ಆಟ, ಸ್ನೇಹಗಳನ್ನು ಕಟ್ಟಿಹಾಕಿದಾಗ ಮನೋವೈದ್ಯರು ಅದನ್ನು ಸಾಮಾಜಿಕ ಆತಂಕವೆಂದು ಗುರುತಿಸುತ್ತಾರೆ.

ನಾನು ಮನೋವೈದ್ಯನಲ್ಲ, ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ವಿಷಯಕ್ಕೆ ನನ್ನನ್ನು ಎಳೆದುತಂದವಳು ಒಂಬತ್ತು ವರ್ಷದ ನನ್ನ ಮೊಮ್ಮಗಳು. ಮನೆಯಲ್ಲಿ ಅರಳು ಹುರಿದಂತೆ ಮಾತನಾಡುವ ಹುಡುಗಿ ಹೊಸ್ತಿಲು ದಾಟಿದೊಡನೆ ಮೂಕಳಾಗುತ್ತಿದ್ದಳು. ಇಂಥವೇ ಐದಾರು ಮಕ್ಕಳ ಗುಂಪಿಗೆ ಅವಳನ್ನು ಸೇರಿಸಿರೆಂದು ವೈದ್ಯರು ಹೇಳಿದಾಗ ಬೇಡವೆಂದವನು ನಾನೇ. ನೀರಿಗೆ ಹೆದರುವ ಮಗುವನ್ನು ಕೆರೆಗೆ ತಳ್ಳಿದಂತಾಗದೆ? ತರಗತಿಯ ನಲವತ್ತು ಮಕ್ಕಳ ನಡುವೆ ಬಿಡದ ಅಂಜಿಕೆ ಐದಾರು ಮಕ್ಕಳ ನಡುವೆ ಬಿಟ್ಟೀತೆ?

ಉತ್ತರವನ್ನು ಅರಸುತ್ತ ಹೋದ ನನಗೆ 1924ರ ಒಂದು ಬರಹ ದಾರಿ ತೋರಿತು. ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ ಪೀಟರ್ ಎಂಬ ಶಿಶುವಿನ ಭಯವನ್ನು ಬಿಡಿಸಿದ ವೃತ್ತಾಂತವದು. ಮೂರು ವರ್ಷವೂ ತುಂಬದ ಪೀಟರನಿಗೆ ಮೊಲವೆಂದರೆ ಭಯ. ಆಕೆ ಬುದ್ಧಿ ಹೇಳಲಿಲ್ಲ, ಗದರಲೂ ಇಲ್ಲ. ಮೊಲಕ್ಕೆ ಅಂಜದ ಮೂವರು ಮಕ್ಕಳ ಜೊತೆಯಲ್ಲಿ ಅವನನ್ನು ಆಡಲು ಬಿಟ್ಟರು. ಪಂಜರದ ಮೊಲ ಮೊದಲು ದೂರದಲ್ಲಿತ್ತು, ಬರಬರುತ್ತ ಹತ್ತಿರವಾಯಿತು, ಆಮೇಲೆ ಪಂಜರದಿಂದ ಹೊರಬಂದಿತು. ನಡುವೆ ಅವನು ಕಾಯಿಲೆ ಬಿದ್ದು ಭಯ ಮರಳಿದಾಗ, ಅವನಿಗೆ ಪ್ರಿಯವಾದ ತಿಂಡಿಯನ್ನು ಕೊಡುತ್ತ ಮೊಲವನ್ನು ಮತ್ತೆ ಮೆಲ್ಲಮೆಲ್ಲನೆ ಸಮೀಪಕ್ಕೆ ತಂದರು. ಕಡೆಗೆ ಮೊಲ ತನ್ನ ಬೆರಳನ್ನು ಕಚ್ಚಾಡಿದರೂ ಪೀಟರ್ ಸುಮ್ಮನಿದ್ದ.

ಮನುಷ್ಯರಿಗೆ ಅಂಜುವ ಮಗುವಿಗೂ ಇದೇ ನ್ಯಾಯ. ಒಂದು ಹೆಚ್ಚಿನ ತೊಡಕುಂಟು. ಇಲ್ಲಿ ಮೊಲವೂ ಜೊತೆಗಾರರೂ ಒಂದೇ! ಆದ್ದರಿಂದ ಅಂಜಿಕೆಯ ವಸ್ತುವೇ ಮದ್ದೂ ಆಗಬೇಕು. ತರಗತಿಗೂ ಚಿಕಿತ್ಸೆಯ ಗುಂಪಿಗೂ ಇರುವ ಅಂತರ ಇಲ್ಲಿದೆ. ತರಗತಿಯಲ್ಲಿ ಅಂಜುವವನು ತಾನೊಬ್ಬನೇ ಎಂದು ಮಗು ತಿಳಿದಿರುತ್ತದೆ. ಗುಂಪಿನಲ್ಲಿ ಪಕ್ಕದವಳ ಕೈಯೂ ನಡುಗುವುದನ್ನು ಕಾಣುತ್ತದೆ. ತರಗತಿಯಲ್ಲಿ ಮೊದಲ ಮೆಟ್ಟಿಲೇ ಎತ್ತರ. ಗುಂಪಿನಲ್ಲಿ ಹೆಸರು ಹೇಳುವುದು ಒಂದು ದಿನದ ಕೆಲಸ, ಪ್ರಶ್ನೆ ಕೇಳುವುದು ಇನ್ನೊಂದು ದಿನದ್ದು. ಆಟಕ್ಕೆ ಸೇರಿಸಿಕೊಳ್ಳಿರೆಂದು ಕೇಳುವುದು ಹೇಗೆಂಬುದನ್ನು ಅಲ್ಲಿ ಉಪದೇಶಿಸುವುದಿಲ್ಲ. ಆಡಿಯೇ ತೋರಿಸುತ್ತಾರೆ, ಆಡಿಸುತ್ತಾರೆ. ಭಯವಾದೊಡನೆ ಓಡಿಹೋದರೆ ತಕ್ಷಣ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯೇ ಭಯವನ್ನು ಸಾಕುತ್ತದೆ. ಓಡದೆ ನಿಂತ ಮಗುವಿಗೆ ಮಾತ್ರ, ಯಾರೂ ನಗಲಿಲ್ಲವೆಂಬುದೂ, ಒಬ್ಬರು ನಕ್ಕರೂ ಆಕಾಶ ಬೀಳಲಿಲ್ಲವೆಂಬುದೂ ಅನುಭವಕ್ಕೆ ಬರುತ್ತದೆ.

ಹಾಗೆಂದು ಮಕ್ಕಳನ್ನು ಒಟ್ಟುಗೂಡಿಸಿದ ಮಾತ್ರಕ್ಕೆ ಗುಣ ಕಾಣದು. ಡೆಬೊರಾ ಬೈಡೆಲ್, ಸ್ಯಾಮ್ಯುಯೆಲ್ ಟರ್ನರ್ ಮತ್ತು ಟ್ರೇಸಿ ಮಾರಿಸ್ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 8ರಿಂದ 12 ವರ್ಷದ ಮಕ್ಕಳಿಗೆ 12 ವಾರ ತರಬೇತಿ ನಡೆಯಿತು. ಒಂದು ಪಂಗಡಕ್ಕೆ ಗುಂಪಿನಲ್ಲಿ ಬೆರೆಯುವ ಅಭ್ಯಾಸ, ಭಯವನ್ನು ಎದುರಿಸುವ ಪ್ರತ್ಯೇಕ ಅಭ್ಯಾಸ, ಅಂಜಿಕೆಯಿಲ್ಲದ ಓರಗೆಯವರೊಡನೆ ಹೊರಗಿನ ಒಡನಾಟ. ಇನ್ನೊಂದು ಪಂಗಡಕ್ಕೆ ಪರೀಕ್ಷೆಗೆ ಸಿದ್ಧವಾಗುವ ಪಾಠ. ಕಡೆಗೆ ಮೊದಲ ಪಂಗಡದಲ್ಲಿ ನೂರಕ್ಕೆ 67 ಮಕ್ಕಳು ರೋಗದ ಗೆರೆಯಿಂದ ಈಚೆಗೆ ಬಂದಿದ್ದರು. ಎರಡನೆಯದರಲ್ಲಿ ನೂರಕ್ಕೆ 5 ಮಾತ್ರ. ಕೆಲಸ ಮಾಡಿದ್ದು ಬರಿಯ ಆರೈಕೆಯಲ್ಲ, ಅಂಜಿದ್ದನ್ನೇ ಮಾಡಿ ಕಲಿತ ಅಭ್ಯಾಸ.

ಈ ಅಭ್ಯಾಸಕ್ಕೆ ಮನೆಯಲ್ಲಿ ಅಡ್ಡವಾಗಿದ್ದವನು ಯಾರೆಂಬುದು ಆಮೇಲೆ ನನಗೆ ಹೊಳೆಯಿತು. ನೆಂಟರು ಮೊಮ್ಮಗಳ ಹೆಸರು ಕೇಳಿದರೆ ಹೇಳುತ್ತಿದ್ದವನು ನಾನು. ಅಂಗಡಿಯಲ್ಲಿ ಅವಳಿಗೆ ಬೇಕಾದುದನ್ನು ಕೇಳುತ್ತಿದ್ದವನೂ ನಾನು. ಅದನ್ನು ಪ್ರೀತಿಯೆಂದು ತಿಳಿದಿದ್ದೆ. ಮಾತನ್ನೇ ಉಂಡು ಬದುಕಿದ ನಾನು ಮಗುವಿನ ಪಾಲಿನ ಮಾತನ್ನೂ ಉಂಡಿದ್ದೆ.

ಅವಳು ಗುಂಪಿಗೆ ಹೋಗತೊಡಗಿ ಎರಡು ತಿಂಗಳಾದ ಮೇಲೆ ಒಂದು ಸಂಜೆ ಅಂಗಡಿಗೆ ಹೋದೆವು. ಅಭ್ಯಾಸಬಲದಿಂದ ನಾನು ಬಾಯಿ ತೆರೆದೆ. ಅವಳು ನನ್ನ ಅಂಗಿಯ ಚುಂಗು ಹಿಡಿದೆಳೆದು, "ತಾತ, ನೀನು ಸುಮ್ನಿರು, ನಾನೇ ಕೇಳ್ತೀನಿ" ಎಂದಳು. ಕೇಳಿದಳು. ದನಿ ಅಂಗಡಿಯವನನ್ನು ಮುಟ್ಟಲಿಲ್ಲ. "ಏನಮ್ಮಾ?" ಎಂದನಾತ. ಅವಳು ಇನ್ನೊಮ್ಮೆ ಕೇಳಿದಳು. ಒಂದು ಪೆನ್ಸಿಲು ಬಂದಿತು.

ಶಾಲೆಯಲ್ಲಿ ಅವಳು ಇನ್ನೂ ಕೈಯೆತ್ತುವುದಿಲ್ಲ. ದಾರಿ ಉಳಿದಿದೆ. ನಾನು ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ.