ಕಲ್ಲು ಕೆತ್ತಿದ ಕೈ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹಗಲೆಲ್ಲ ದುಡಿದು ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ. ನಮ್ಮ ಹಾಗೆಯೇ ಊರು ಬಿಟ್ಟು ಹೋಗಿ ಕೈಕೆಲಸದಿಂದ ಬಾಳು ಕಟ್ಟಿದ ಒಬ್ಬನ ವಿಷಯ ಹೇಳುತ್ತೇವೆ. ಅವನು ಸ್ಕಾಟ್ಲೆಂಡಿನ ಥಾಮಸ್ ಟೆಲ್ಫರ್ಡ್.

1757ರಲ್ಲಿ ಕುರಿ ಕಾಯುವವನ ಮನೆಯಲ್ಲಿ ಹುಟ್ಟಿದ. ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡ. ತಾಯಿ ಜಾನೆಟ್ ಬಂಧುಗಳ ನೆರವಿನಿಂದ ಮಗನನ್ನು ಸಾಕಿದಳು. ಹುಡುಗ ಕುರಿ ಕಾದ, ಊರ ಶಾಲೆಯಲ್ಲಿ ಓದು ಬರಹ ಕಲಿತ, ಆಮೇಲೆ ಕಲ್ಲುಕೆಲಸಕ್ಕೆ ಸೇರಿದ. ಮೊದಲನೆಯ ಯಜಮಾನ ಕೆಟ್ಟದಾಗಿ ನಡೆಸಿಕೊಂಡ, ಬಿಟ್ಟು ಬಂದ. ಇನ್ನೊಬ್ಬನ ಬಳಿ ಕೆಲಸ ಕಲಿತ. ಒಬ್ಬ ಹಿರಿಯ ಮಹಿಳೆ ಎರವಲು ಕೊಟ್ಟ ಪುಸ್ತಕಗಳೇ ಅವನ ಕಾಲೇಜು.

1782ರಲ್ಲಿ ಲಂಡನ್ನಿಗೆ ಹೋಗಿ ಸೋಮರ್ಸೆಟ್ ಹೌಸ್ ಕಟ್ಟಡದಲ್ಲಿ ಕಲ್ಲು ಕೆತ್ತಿದ. ಮುಂದೆ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಮೇಲ್ವಿಚಾರಕನಾದಾಗ, ಸುಣ್ಣದ ಗಾರೆ ಹೇಗೆ ಗಟ್ಟಿಯಾಗುತ್ತದೆಂದು ತಿಳಿಯಲು ರಸಾಯನಶಾಸ್ತ್ರ ಓದಿದ. ತಾಯಿಗೆ ಕೂಡಿಸಿ ಬರೆದ ಅಕ್ಷರ ಓದುವುದು ಕಷ್ಟವೆಂದು, ಕಾಗದವನ್ನು ಅಚ್ಚಿನ ಅಕ್ಷರಗಳಂತೆ ಬಿಡಿಸಿ ಬರೆಯುತ್ತಿದ್ದ. ಊರಿಗೆ ಕಾಗದ ಬರೆಯುವ ನಮಗೆ ಇದರ ಬೆಲೆ ಗೊತ್ತು.

1788ರಲ್ಲಿ ಶ್ರೂಸ್‌ಬರಿಯ ಇಗರ್ಜಿಯೊಂದರ ಮಾಡು ಸೋರುತ್ತದೆಂದು ಅವನನ್ನು ಕರೆದರು. ಅವನು ನೋಡಿ, ಮಾಡು ಹಾಗಿರಲಿ, ಗೋಡೆಯೇ ಬೀಳುತ್ತದೆ ಎಂದ. ಊರ ದೊಡ್ಡವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ವರ್ಷ ಇಗರ್ಜಿ ಕುಸಿದು ಬಿತ್ತು. ಕಲ್ಲಿನ ಮಾತು ಕಲ್ಲು ಕೆತ್ತಿದವನಿಗೆ ತಿಳಿಯುತ್ತದೆ.

ಮುಂದಿನ ಕೆಲಸಗಳನ್ನು ಹೇಳಬೇಕಾದರೆ ರಾತ್ರಿ ಸಾಲದು. ವೇಲ್ಸ್ ನಾಡಿನಲ್ಲಿ ಡೀ ನದಿಯ ಮೇಲೆ 126 ಅಡಿ ಎತ್ತರದಲ್ಲಿ, ಕಬ್ಬಿಣದ ತೊಟ್ಟಿಯಲ್ಲಿ ಕಾಲುವೆ ಹರಿಸಿದ. 1805ರಲ್ಲಿ ತೆರೆದ ಆ ಸೇತುವೆಯ ಮೇಲೆ ಇಂದಿಗೂ ದೋಣಿ ಸಾಗುತ್ತದೆ. 1826ರಲ್ಲಿ ಮೆನಾಯ್ ಜಲಸಂಧಿಗೆ ಕಬ್ಬಿಣದ ಸರಪಳಿಗಳ ತೂಗುಸೇತುವೆ ಹಾಕಿದ. ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ 900 ಮೈಲಿಗಿಂತ ಹೆಚ್ಚು ರಸ್ತೆ, ಸಾವಿರಕ್ಕೂ ಮಿಕ್ಕಿ ಸೇತುವೆ ಕಟ್ಟಿಸಿದ. ಅಲ್ಲಿ ಜಮೀನುದಾರರು ಕುರಿ ಸಾಕುವುದಕ್ಕಾಗಿ ಒಕ್ಕಲುಗಳನ್ನು ಎಬ್ಬಿಸುತ್ತಿದ್ದರು. ಜನ ಹಡಗು ಹತ್ತಿ ಅಮೆರಿಕೆಗೆ ಹೋಗುತ್ತಿದ್ದರು. ಅವರಿಗೆ ಕೂಲಿ ಸಿಗಲಿ ಎಂಬುದೂ ಆ ಕೆಲಸದ ಒಂದು ಉದ್ದೇಶ. ರಸ್ತೆ ಬಂತು, ಆದರೆ ಜನ ಊರು ಬಿಡುವುದು ನಿಲ್ಲಲಿಲ್ಲ. ನೆಲ ಕೈಬಿಟ್ಟ ಮೇಲೆ ರಸ್ತೆ ಹೊಟ್ಟೆ ತುಂಬೀತೆ?

ಇನ್ನೊಂದು ಸಂಗತಿಯನ್ನು ಹೋಟೆಲಿನ ತಮ್ಮಂದಿರು ಲಕ್ಷ್ಯವಿಟ್ಟು ಕೇಳಬೇಕು. 1818ರ ಜನವರಿಯಲ್ಲಿ ಲಂಡನ್ನಿನ ಒಂದು ಕಾಫಿ ಹೋಟೆಲಿನಲ್ಲಿ ಕೆಲವು ಎಳೆಯ ಇಂಜಿನಿಯರುಗಳು ಕೂಡಿ ಒಂದು ಸಂಘ ಕಟ್ಟಿದರು. ತಿಳಿದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡುವುದು ಅದರ ಗುರಿ. 1820ರಲ್ಲಿ ಟೆಲ್ಫರ್ಡ್ ಅದರ ಮೊದಲ ಅಧ್ಯಕ್ಷನಾದ. 1828ರಲ್ಲಿ ದೊರೆಯ ಸನ್ನದು ಸಿಕ್ಕಿತು.

ಆದರೆ ಆ ಸಂಘ ಹುಟ್ಟಿದಾಗ, ಅದೇ ಊರಿನಲ್ಲಿ ಕಲ್ಲುಕುಟಿಗರು ಕೂಲಿ ಹೆಚ್ಚಿಸಿ ಎಂದು ಒಟ್ಟುಗೂಡಿದ್ದರೆ ಜೈಲು! 1799 ಮತ್ತು 1800ರ ಕಾಯಿದೆಗಳು ಕೂಲಿಕಾರರ ಸಂಘವನ್ನು ಅಪರಾಧವೆಂದಿದ್ದವು. 1824ರವರೆಗೆ ಅವು ಜಾರಿಯಲ್ಲಿದ್ದವು. ಒಬ್ಬ ಕಲ್ಲುಕುಟಿಗ ಮೇಲೆ ಬಂದ. ಉಳಿದ ಕಲ್ಲುಕುಟಿಗರ ಬಾಯಿಗೆ ಬೀಗವೇ ಇತ್ತು.

1834ರಲ್ಲಿ ಟೆಲ್ಫರ್ಡ್ ತೀರಿಕೊಂಡ. ದೊಡ್ಡದೊಡ್ಡವರ ಗೋರಿಗಳಿರುವ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನನ್ನು ಮಣ್ಣುಮಾಡಿದರು. ಅವನ ಸೇತುವೆಗಳಿಗೆ ಕಲ್ಲು ಹೊತ್ತ ಸಾವಿರಾರು ಜನರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಮಿತ್ರರೇ, ಅವನ ಬಾಳಿನಿಂದ ನಾವು ಒಂದು ಪಾಠ ಕಲಿಯೋಣ, ಅವನ ಕಾಲದಿಂದ ಇನ್ನೊಂದು. ಕೆಲಸ ಮುಗಿದ ಮೇಲೆ ಪುಸ್ತಕ ಹಿಡಿಯುವುದು ಮೊದಲನೆಯದು. ಒಬ್ಬ ಮೇಲೆ ಬಂದರೆ ಸಾಲದು, ಎಲ್ಲರೂ ಸೇರಿದರೇ ಎಲ್ಲರ ಕೂಲಿ ಏರುವುದು ಎಂಬುದು ಎರಡನೆಯದು. ಕಾಫಿ ಕುಡಿಯಲು ಬಂದವರು ಸಂಘ ಕಟ್ಟಿದರು. ಕಾಫಿ ಕೊಡುವ ನಾವು ಕಟ್ಟಲಾರೆವೇ? ಮುಂದಿನ ಸಭೆಗೆ ಒಬ್ಬೊಬ್ಬರೂ ಇನ್ನೊಬ್ಬರನ್ನು ಕರೆತನ್ನಿ.